ಕಲಿಯದವರಿಗೆ ಕೊಡುವ ಮಾತು

ತೆಂಗಿನಕಾಯಿ ಕೊಳ್ಳುವವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಸೀರೆ ಕೊಳ್ಳುವವರು ಸೆರಗನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಅಕ್ಕಿ ಕೊಳ್ಳುವವರು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿಯುತ್ತಾರೆ. ವಿದ್ಯೆಯನ್ನು ಹೀಗೆ ತಟ್ಟಿ, ಕಡಿದು ನೋಡುವುದು ಹೇಗೆ? ಒಂದು ವಿಷಯ ಗೊತ್ತಿಲ್ಲ ಎಂಬ ಕಾರಣಕ್ಕೇ ನಾವು ಅದನ್ನು ಕಲಿಯಲು ಹೊರಡುತ್ತೇವೆ. ಗೊತ್ತಿಲ್ಲ ಎಂಬ ಅದೇ ಕಾರಣಕ್ಕೆ, ಕಲಿಸುತ್ತೇನೆ ಎನ್ನುವವರ ಮಾತು ಎಷ್ಟು ನಿಜ ಎಂದು ತೂಗಿ ನೋಡುವ ತಕ್ಕಡಿಯೂ ನಮ್ಮ ಹತ್ತಿರ ಇರುವುದಿಲ್ಲ.

ಇದು ಹಳೆಯ ತೊಡಕು. ಪ್ಲೇಟೋನ ‘ಮೆನೊ’ ಸಂವಾದದಲ್ಲಿ ಮೆನೊ ಸಾಕ್ರಟೀಸನಿಗೆ ಹಾಕುವ ಸವಾಲು ಇದೇ ಜಾತಿಯದು: ಏನೆಂದು ತಿಳಿಯದೇ ಇರುವುದನ್ನು ಹುಡುಕುವುದಾದರೂ ಹೇಗೆ, ಸಿಕ್ಕರೂ ಅದೇ ಇದು ಎಂದು ಗುರುತಿಸುವುದಾದರೂ ಹೇಗೆ? ಊರಿನ ಕಾಲೇಜಿನಲ್ಲಿ ಈ ತೊಡಕಿಗೆ ಸಣ್ಣಪುಟ್ಟ ಪರಿಹಾರಗಳಿದ್ದವು. ಹಿಂದಿನ ವರ್ಷ ಓದಿದವರನ್ನು ಕೇಳಬಹುದಿತ್ತು, ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ಮೇಷ್ಟ್ರ ಪಾಠ ಕೇಳಬಹುದಿತ್ತು. ಆನ್‌ಲೈನ್ ಕೋರ್ಸಿಗೆ ಸೇರುವವರ ಮುಂದೆ ಹೆಚ್ಚಿನ ಸಲ ಇರುವುದು ಒಂದು ಪರದೆ, ಅದರಲ್ಲಿ ನೂರೈವತ್ತು ಪದಗಳ ಒಂದು ವಿವರಣೆ. ಆ ವಿವರಣೆಯ ಭಾರ ಈಗ ಕಡಿಮೆಯದೇನಲ್ಲ. ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆ 2017ರಲ್ಲಿ ಶುರುವಾಯಿತು. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಅಲ್ಲಿಂದಲೇ ಓದಿ ಕ್ರೆಡಿಟ್ ಪಡೆಯಲು ಯುಜಿಸಿಯ 2021ರ ನಿಯಮಾವಳಿ ಅವಕಾಶ ಕೊಟ್ಟಿದೆ. ಅಂದರೆ ಒಂದು ಪ್ಯಾರಾ ಓದಿ ವಿದ್ಯಾರ್ಥಿ ತನ್ನ ಪದವಿಯ ಒಂದು ಭಾಗವನ್ನೇ ನಿರ್ಧರಿಸುತ್ತಾನೆ.

ಪಿಎಚ್‌ಡಿ ಜೊತೆಗೆ ಇಂಥ ವಿವರಣೆಗಳನ್ನು ಬರೆದುಕೊಡುವ ಕೆಲಸವನ್ನು ನಾನು ಎರಡು ವರ್ಷಗಳಿಂದ ಮಾಡುತ್ತಿದ್ದೇನೆ. ಫೆಲೋಶಿಪ್ ತಡವಾಗುವ ತಿಂಗಳುಗಳಲ್ಲಿ ಮೆಸ್ ಬಿಲ್ ಕಟ್ಟುವುದು ಇದರಿಂದಲೇ. ಸಣ್ಣ ಕೆಲಸ, ಹೆಸರು ಹಾಕುವುದಿಲ್ಲ. ಆದರೂ ಪ್ರತಿ ಸಲ ಕೂತಾಗ ಒಂದು ಪ್ರಶ್ನೆ ಕಾಡುತ್ತದೆ. ‘ಈ ಕೋರ್ಸ್ ಮುಗಿಯುವ ಹೊತ್ತಿಗೆ ನೀವು ಇಂಥದ್ದನ್ನು ಮಾಡಬಲ್ಲಿರಿ’ ಎಂದು ಬರೆಯುವಾಗ ನಾನು ಯಾರಿಗೆ ಮಾತು ಕೊಡುತ್ತಿದ್ದೇನೆ, ಅದನ್ನು ನಡೆಸಿಕೊಡುವವರು ಯಾರು? ಈಗ ನನ್ನ ಮುಂದಿರುವುದು ಹಳಗನ್ನಡ ಓದಲು ಕಲಿಸುವ ಎಂಟು ವಾರಗಳ ಕೋರ್ಸ್. ನನಗೆ ಚೆನ್ನಾಗಿ ಗೊತ್ತಿರುವ ವಿಷಯವಾದ್ದರಿಂದ ಈ ಸಲ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗುತ್ತಿಲ್ಲ.

ಈ ಬರವಣಿಗೆಗೆ ಒಂದು ವ್ಯಾಕರಣವಿದೆ. ಅಮೆರಿಕದ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕಲಿಕೆಯ ಗುರಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದರು. 2001ರಲ್ಲಿ ಅದನ್ನು ಪರಿಷ್ಕರಿಸಿದಾಗ ಮೆಟ್ಟಿಲುಗಳ ಹೆಸರುಗಳು ಕ್ರಿಯಾಪದಗಳಾದವು: ನೆನಪಿಡು, ಅರ್ಥಮಾಡಿಕೊ, ಅನ್ವಯಿಸು, ವಿಶ್ಲೇಷಿಸು, ಮೌಲ್ಯಮಾಪನ ಮಾಡು, ಸೃಷ್ಟಿಸು. ಈ ನಡುವೆ 1962ರಲ್ಲಿ ರಾಬರ್ಟ್ ಮೇಗರ್ ಒಂದು ಪುಟ್ಟ ಪುಸ್ತಕ ಬರೆದು, ‘ತಿಳಿದುಕೊಳ್ಳುವುದು’ ‘ಅರ್ಥಮಾಡಿಕೊಳ್ಳುವುದು’ ಎಂಬ ಪದಗಳನ್ನು ಯಾರು ಹೇಗೆ ಬೇಕಾದರೂ ಎಳೆದಾಡಬಹುದು, ಆದ್ದರಿಂದ ಕಣ್ಣಿಗೆ ಕಾಣುವ ಕೆಲಸವನ್ನು ಹೆಸರಿಸಿ ಎಂದು ವಾದಿಸಿದ. ಇವತ್ತು ವಿವರಣೆ ಬರೆಯುವವರಿಗೆ ಸಿಗುವ ಸೂಚನೆಗಳೆಲ್ಲ ಈ ಬೇರಿನಿಂದ ಬಂದವು. ‘ಪಂಪನನ್ನು ಆಸ್ವಾದಿಸುತ್ತಾರೆ’ ಎಂದು ಬರೆದರೆ ಕೆಂಪು ಗೆರೆ ಬೀಳುತ್ತದೆ. ‘ಕಂದಪದ್ಯದ ಮಾತ್ರೆಗಳನ್ನು ಲೆಕ್ಕ ಹಾಕುತ್ತಾರೆ’ ಎಂದರೆ ಪಾಸಾಗುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಗೇಲಿ ಮಾಡುವುದು ಸುಲಭ. ನಾನು ಹಾಗೆ ಮಾಡುವುದಿಲ್ಲ. ಮೇಗರನ ಒತ್ತಾಯದಲ್ಲಿ ಒಂದು ಪ್ರಾಮಾಣಿಕತೆ ಇದೆ. ‘ಆಸ್ವಾದಿಸುತ್ತಾರೆ’ ಎಂಬ ಮಾತು ಸುಳ್ಳಾಯಿತು ಎಂದು ಯಾರೂ ತೋರಿಸಲಾರರು, ಹಾಗಾಗಿ ಅದನ್ನು ಕೊಟ್ಟವರಿಗೆ ಹೊಣೆಯೂ ಇಲ್ಲ. ‘ಲೆಕ್ಕ ಹಾಕುತ್ತಾರೆ’ ಎಂದರೆ ಎಂಟನೇ ವಾರದಲ್ಲಿ ಹನ್ನೆರಡು, ಇಪ್ಪತ್ತು, ಹನ್ನೆರಡು, ಇಪ್ಪತ್ತು ಎಂದು ಕಂದದ ನಾಲ್ಕು ಸಾಲುಗಳ ಮಾತ್ರೆಯನ್ನು ವಿದ್ಯಾರ್ಥಿ ಎಣಿಸಬೇಕು. ಎಣಿಸಲು ಬಾರದಿದ್ದರೆ ಕಲಿಸಿದವರನ್ನು ನಿಲ್ಲಿಸಿ ಕೇಳಬಹುದು. ಮಾತು ಕೊಟ್ಟ ಮೇಲೆ ಕೇಳುವ ಹಕ್ಕೂ ಜೊತೆಗೆ ಕೊಟ್ಟಿರಬೇಕು.

ನಮ್ಮ ಶಾಸ್ತ್ರಗ್ರಂಥಗಳಿಗೂ ಇಂಥದ್ದೊಂದು ನಿಯಮವಿತ್ತು. ಗ್ರಂಥದ ಆರಂಭದಲ್ಲೇ ನಾಲ್ಕು ಸಂಗತಿಗಳನ್ನು ಹೇಳಿಬಿಡಬೇಕು: ವಿಷಯ, ಪ್ರಯೋಜನ, ಸಂಬಂಧ ಮತ್ತು ಅಧಿಕಾರಿ. ಏನನ್ನು ಹೇಳುತ್ತದೆ, ಓದಿದರೆ ಏನು ಸಿಗುತ್ತದೆ, ಹೇಳುವುದಕ್ಕೂ ಸಿಗುವುದಕ್ಕೂ ಏನು ನಂಟು, ಓದಲು ತಕ್ಕವರು ಯಾರು. ಇದಕ್ಕೆ ಅನುಬಂಧ ಚತುಷ್ಟಯ ಎಂದು ಹೆಸರು. ಇಂದಿನ ಎನ್‌ಪಿಟಿಇಎಲ್ ಕೋರ್ಸಿನ ಪುಟ ತೆರೆದರೆ ಕೋರ್ಸಿನ ಪರಿಚಯ, ಯಾರಿಗಾಗಿ, ಮೊದಲೇ ಏನು ತಿಳಿದಿರಬೇಕು ಎಂಬ ವಿಭಾಗಗಳು ಕಾಣುತ್ತವೆ. ಬಹುಮಟ್ಟಿಗೆ ಅದೇ ಚೌಕಟ್ಟು.

ಕನ್ನಡದಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಪೀಠಿಕೆಯಲ್ಲಿ ವ್ಯಾಕರಣ ಓದುವುದರ ಫಲವನ್ನು ಹೇಳುತ್ತಾನೆ. ವ್ಯಾಕರಣದಿಂದ ಪದ ತಿಳಿಯುತ್ತದೆ, ಪದದಿಂದ ಅರ್ಥ, ಅರ್ಥದಿಂದ ತತ್ವ, ತತ್ವದಿಂದ ಕೊನೆಗೆ ಮುಕ್ತಿ. ಸಂಧಿ ಸಮಾಸ ಕಲಿಸುವ ಪುಸ್ತಕ ಮೋಕ್ಷದ ಮಾತಾಡುವುದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು. ಮೂವತ್ತು ದಿನದಲ್ಲಿ ಲಕ್ಷ ರೂಪಾಯಿ ಸಂಬಳ ಎನ್ನುವ ಜಾಹೀರಾತು ಕೂಡ ಇಷ್ಟು ದೂರ ಹೋಗುವುದಿಲ್ಲ. ಆದರೆ ಕೇಶಿರಾಜ ನಡುವಿನ ಮೆಟ್ಟಿಲುಗಳನ್ನು ಮುಚ್ಚಿಟ್ಟಿಲ್ಲ. ವ್ಯಾಕರಣ ತನ್ನ ಕೈಯಿಂದ ಕೊಡುವುದು ಪದವನ್ನು ಮಾತ್ರ. ಉಳಿದ ಹಾದಿ ಓದುಗನದು, ಅದು ಎಷ್ಟು ಹಂತಗಳದ್ದು ಎಂಬುದೂ ಕಣ್ಣ ಮುಂದಿದೆ. ಜಾಹೀರಾತು ಮೊದಲ ಮೆಟ್ಟಿಲನ್ನೂ ಕೊನೆಯದನ್ನೂ ತೋರಿಸಿ ನಡುವಿನವನ್ನು ಅಳಿಸಿಹಾಕುತ್ತದೆ.

ನಾಲ್ಕರಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ‘ಅಧಿಕಾರಿ’ ಎಂಬ ಪದ. ಯಾರು ಕಲಿಯಲು ತಕ್ಕವರು ಎಂಬ ಪ್ರಶ್ನೆಯನ್ನು ಈ ನೆಲ ಹೇಗೆ ಬಳಸಿತು ಎಂಬುದು ನಮಗೆ ಗೊತ್ತಿದೆ. ಬ್ರಹ್ಮಸೂತ್ರದಲ್ಲಿ ಭಾಷ್ಯಕಾರರು ಅಪಶೂದ್ರಾಧಿಕರಣ ಎಂದು ಕರೆಯುವ ಭಾಗವೇ ಇದೆ, ಅಲ್ಲಿ ಅಧಿಕಾರ ನಿರ್ಧಾರವಾಗುವುದು ಹುಟ್ಟಿನಿಂದ. ಏಕಲವ್ಯನ ಹೆಬ್ಬೆರಳು ನಮಗೆ ಮರೆತಿಲ್ಲ. ಕುವೆಂಪು ‘ಬೆರಳ್‌ಗೆ ಕೊರಳ್’ ಬರೆದದ್ದು ಅದು ಮರೆಯುವಂಥದ್ದಲ್ಲ ಎಂಬ ಕಾರಣಕ್ಕೇ. ಹೀಗಿರುವಾಗ ಕೋರ್ಸಿನ ವಿವರಣೆಯಲ್ಲಿ ‘ಇದು ಎಲ್ಲರಿಗೂ ಅಲ್ಲ’ ಎಂದು ಬರೆಯಲು ಕೈ ಹಿಂಜರಿಯುತ್ತದೆ. ‘ಯಾರು ಬೇಕಾದರೂ ಕಲಿಯಬಹುದು, ಯಾವ ಹಿನ್ನೆಲೆಯೂ ಬೇಡ, ತುಂಬ ಸುಲಭ’ ಎಂದು ಬರೆಯುವುದೇ ಪ್ರಜಾಪ್ರಭುತ್ವದ ಭಾಷೆ ಎನಿಸುತ್ತದೆ.

ಈ ‘ಸುಲಭ’ ಎಂಬ ಪದದ ಬಗ್ಗೆಯೇ ನನಗೆ ಹೇಳಬೇಕಾದ ಮಾತಿದೆ. ನನ್ನ ಹಾಸ್ಟೆಲಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಕಿರಿಯ ಗೆಳತಿಯೊಬ್ಬಳಿದ್ದಾಳೆ. ಯಾರು ಬೇಕಾದರೂ ಕಲಿಯಬಹುದು ಎಂದಿದ್ದ ಒಂದು ಡೇಟಾ ವಿಶ್ಲೇಷಣೆಯ ಕೋರ್ಸಿಗೆ ಸೇರಿದಳು. ಎರಡನೇ ವಾರದಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ಬಂತು. ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ ವಿಡಿಯೋ ಅದನ್ನು ಒಂದೇ ನಿಮಿಷದಲ್ಲಿ ದಾಟಿಹೋಯಿತು. ಅವಳು ಆ ನಿಮಿಷವನ್ನು ಹತ್ತಾರು ಸಲ ಹಿಂದಕ್ಕೆ ತಂದು ನೋಡಿದಳು. ಮೂರನೇ ವಾರ ಬಿಟ್ಟಳು. ಕೋರ್ಸ್ ಸರಿಯಿಲ್ಲ ಎಂದು ಅವಳು ಹೇಳಲಿಲ್ಲ. ‘ನನ್ನ ತಲೆಗೆ ಇದೆಲ್ಲ ಹತ್ತಲ್ಲ ಬಿಡಿ’ ಎಂದಳು.

ಆ ವಾಕ್ಯವನ್ನು ಅವಳಿಂದ ಹೇಳಿಸಿದ್ದು ವಿವರಣೆ. ಕಷ್ಟ ಎಂದು ಹೇಳಿಕೊಟ್ಟ ವಿಷಯದಲ್ಲಿ ಸೋತರೆ ವಿಷಯ ಕಷ್ಟವಿತ್ತು ಎನ್ನಬಹುದು. ಸುಲಭ ಎಂದ ವಿಷಯದಲ್ಲಿ ಸೋತವರಿಗೆ ದೂರಲು ತಮ್ಮ ತಲೆಯಲ್ಲದೆ ಬೇರೇನೂ ಉಳಿಯುವುದಿಲ್ಲ. ಮೋಸಗಾರ ವ್ಯಾಪಾರಿ ಹಣ ಕಸಿದುಕೊಳ್ಳುತ್ತಾನೆ, ಆದರೆ ಮೋಸ ಹೋದೆ ಎಂದು ಕೂಗುವ ಬಾಯಿಯನ್ನು ಬಿಟ್ಟಿರುತ್ತಾನೆ. ‘ಸುಲಭ’ ಎಂಬ ಪದ ಆ ಬಾಯಿಯನ್ನೂ ಕಟ್ಟುತ್ತದೆ. ಅಲ್ಲಿ ಸುಳ್ಳು ಹೇಳಿದ್ದು ಪುಟ, ನಾಚಿಕೆ ಪಟ್ಟಿದ್ದು ಅವಳು.

ಮಧ್ಯದಲ್ಲಿ ಬಿಟ್ಟವರೆಲ್ಲ ಹೀಗೆ ನೊಂದವರು ಎಂದು ನಾನು ಹೇಳುತ್ತಿಲ್ಲ. ಹಾರ್ವರ್ಡ್ ಮತ್ತು ಎಂಐಟಿ ‘ಎಡ್‌ಎಕ್ಸ್’ ಮೂಲಕ ನಡೆಸಿದ ಕೋರ್ಸುಗಳ ಆರು ವರ್ಷಗಳ ದತ್ತಾಂಶವನ್ನು ಆಧರಿಸಿದ ಲೇಖನವೊಂದು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಹೆಸರು ನೋಂದಾಯಿಸಿದವರಲ್ಲಿ ಶೇ 52ರಷ್ಟು ಮಂದಿ ಪಾಠದ ಒಳಗೆ ಕಾಲಿಡಲೇ ಇಲ್ಲ. 2017–18ರಲ್ಲಿ ಮುಗಿಸಿದವರು ಶೇ 3ರ ಆಸುಪಾಸು. ಕುತೂಹಲಕ್ಕೆ ಬಾಗಿಲು ತೆರೆದು ನೋಡಿ ಹೋದವರೂ ಇವರಲ್ಲಿದ್ದಾರೆ, ಅದು ತಪ್ಪೇನಲ್ಲ. ಪುಸ್ತಕದ ಅಂಗಡಿಯಲ್ಲಿ ನಾವೂ ಹಾಗೆ ಮಾಡುತ್ತೇವೆ. ಆದರೆ ಒಳಗೆ ಬಂದು, ಸ್ವಲ್ಪ ದೂರ ನಡೆದು, ಒಂದು ತಿರುವಿನಲ್ಲಿ ಏನೂ ಕಾಣದೆ ನಿಂತವರು ಅಂಕಿಗಳಲ್ಲಿ ಬೇರೆಯಾಗಿ ಕಾಣುವುದಿಲ್ಲ. ವಿವರಣೆ ಬರೆಯುವವರಾದರೂ ಅವರನ್ನು ನೆನೆಯಬೇಕು.

ಕಾನೂನು ಇಲ್ಲಿ ಸ್ವಲ್ಪ ದೂರ ನಮ್ಮ ಜೊತೆಗೆ ಬರುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಕೋಚಿಂಗ್ ಕ್ಷೇತ್ರದ ದಾರಿತಪ್ಪಿಸುವ ಜಾಹೀರಾತುಗಳ ತಡೆಗೆ ಮಾರ್ಗಸೂಚಿ ಹೊರಡಿಸಿತು. ಆಯ್ಕೆ ಖಚಿತ, ಕೆಲಸ ಖಚಿತ ಎಂದು ಹೇಳುವಂತಿಲ್ಲ. ಪರೀಕ್ಷೆ ಗೆದ್ದವರ ಫೋಟೋ ಹಾಕಿದರೆ ಅವರು ನಿಜಕ್ಕೂ ಯಾವ ಕೋರ್ಸ್ ಓದಿದ್ದರು ಎಂಬುದನ್ನೂ ಹೇಳಬೇಕು. ಎರಡನೇ ನಿಯಮ ನನಗೆ ಇಷ್ಟ. ಫೋಟೋ ಸುಳ್ಳಲ್ಲ, ರ‍್ಯಾಂಕೂ ಸುಳ್ಳಲ್ಲ, ಆದರೂ ಒಟ್ಟು ಚಿತ್ರ ಸುಳ್ಳಾಗಬಹುದು ಎಂಬುದನ್ನು ಅದು ಒಪ್ಪಿಕೊಳ್ಳುತ್ತದೆ. ಆದರೆ ‘ಸುಲಭ’ ಎಂಬ ಪದಕ್ಕೆ ಯಾವ ಪ್ರಾಧಿಕಾರವೂ ದಂಡ ಹಾಕಲಾರದು. ಅದು ಯಾರಿಗೋ ನಿಜಕ್ಕೂ ಸುಲಭವಿರುತ್ತದೆ. ಮುಖ್ಯವಾಗಿ, ಬರೆದವರಿಗೆ ಸುಲಭವಿರುತ್ತದೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಕಷ್ಟವನ್ನೆಲ್ಲ ಬರೆದುಬಿಟ್ಟರೆ ಮೊದಲು ಹಿಂದೆ ಸರಿಯುವವರು ಯಾರು? ಮನೆಯಲ್ಲಿ ಮೊದಲ ತಲೆಮಾರಿಗೆ ಕಾಲೇಜು ಕಂಡವರು, ಇಂಗ್ಲಿಷಿಗೆ ಅಂಜುವವರು, ‘ಇದು ನಮ್ಮಂಥವರಿಗಲ್ಲ’ ಎಂದು ಹುಟ್ಟಿನಿಂದ ಕೇಳಿಸಿಕೊಂಡವರು. ಆತ್ಮವಿಶ್ವಾಸ ತುಂಬಿ ತುಳುಕುವವರು ಯಾವ ಎಚ್ಚರಿಕೆಗೂ ಬಗ್ಗುವುದಿಲ್ಲ. ಹಾಗಾದರೆ ನನ್ನ ಪ್ರಾಮಾಣಿಕತೆ ಹಳೆಯ ಬಾಗಿಲನ್ನೇ ಹೊಸ ಬೀಗ ಹಾಕಿ ಮುಚ್ಚಿದಂತಾಗುವುದಿಲ್ಲವೇ? ಇದನ್ನು ನನ್ನ ಗೆಳತಿಯೇ ಕೇಳಿದಳು. ಕಷ್ಟ ಎಂದು ಬರೆದಿದ್ದರೆ ಸೇರುತ್ತಲೇ ಇರಲಿಲ್ಲ ಎಂದಳು.

ನನಗೆ ದಾರಿ ತೋರಿಸಿದ್ದು ಒಂದು ಹಳೆಯ ಉದಾಹರಣೆ. 2012ರಲ್ಲಿ ಎಂಐಟಿ ತನ್ನ ಸರ್ಕಿಟ್ ಮತ್ತು ಎಲೆಕ್ಟ್ರಾನಿಕ್ಸ್ ಕೋರ್ಸನ್ನು ಜಗತ್ತಿಗೆಲ್ಲ ತೆರೆಯಿತು. ವಿದ್ಯುತ್ತು ಮತ್ತು ಕಾಂತತೆಯ ಭೌತಶಾಸ್ತ್ರ ಓದಿರಬೇಕು, ಕ್ಯಾಲ್ಕುಲಸ್ ಗೊತ್ತಿರಬೇಕು ಎಂದು ವಿವರಣೆ ನೇರವಾಗಿ ಹೇಳಿತ್ತು. ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಸೇರಿದರು, 7,157 ಮಂದಿ ಪ್ರಮಾಣಪತ್ರ ಪಡೆದರು. ಪೂರ್ಣ ಅಂಕ ಪಡೆದ ಕೆಲವು ನೂರು ಜನರಲ್ಲಿ ಮಂಗೋಲಿಯಾದ ಉಲಾನ್‌ಬಾತರಿನ ಹದಿನೈದು ವರ್ಷದ ಹುಡುಗನೊಬ್ಬನಿದ್ದ. ಮುಂದೆ ಅವನು ಎಂಐಟಿಯಲ್ಲೇ ಓದಿದ. ಈ ಕಥೆಯನ್ನು ಪ್ರತಿಭೆಯ ಪವಾಡದಂತೆ ಹೇಳುವುದುಂಟು. ಅವನ ಶಾಲೆಯಲ್ಲಿ ಆ ಕೋರ್ಸಿಗೆ ಜೊತೆಯಾಗಿ ಕೈಯಿಂದ ಪ್ರಯೋಗ ಮಾಡಿಸಲು ಬಂದ ಶಿಕ್ಷಕರೂ ಇದ್ದರು ಎಂಬುದನ್ನು ಬಿಟ್ಟುಬಿಡುತ್ತಾರೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಆ ವಿವರಣೆ ‘ಏನು ತಿಳಿದಿರಬೇಕು’ ಎಂದು ಕೇಳಿತ್ತು, ‘ಯಾರಾಗಿರಬೇಕು’ ಎಂದು ಕೇಳಿರಲಿಲ್ಲ. ವಯಸ್ಸು, ದೇಶ, ಪದವಿ ಯಾವುದೂ ಅಡ್ಡ ಬರಲಿಲ್ಲ. ಏನು ತಿಳಿದಿರಬೇಕು ಎಂಬುದು ಬರೆದಿದ್ದರೆ, ಅದು ಇಲ್ಲದವರು ಹೋಗಿ ಕಲಿತು ಬರಬಹುದು. ಯಾರಾಗಿರಬೇಕು ಎಂಬುದನ್ನು ಯಾರೂ ಕಲಿತು ಬರಲಾರರು. ಹಳೆಯ ‘ಅಧಿಕಾರಿ’ ಎಂಬ ಪದದೊಳಗೆ ಈ ಎರಡೂ ಬೆರೆತುಹೋಗಿದ್ದವು. ಬಿಡಿಸಿ ಬರೆಯುವುದು ನಮ್ಮ ಕಾಲದವರ ಕೆಲಸ.

ಆದ್ದರಿಂದ ಗೆಳತಿಗೆ ನನ್ನ ಉತ್ತರ ಇದು: ಬರೀ ‘ಕಷ್ಟ’ ಎಂದು ಬರೆದರೆ ಅದು ಬಾಗಿಲು ಮುಚ್ಚಿದಂತೆಯೇ. ಯಾವ ವಾರ, ಯಾಕೆ, ಅಲ್ಲಿ ಯಾರು ಜೊತೆಗಿರುತ್ತಾರೆ ಎಂದು ಬರೆದರೆ ಅದು ದಾರಿಯ ನಕ್ಷೆ. ಆಗುಂಬೆ ಘಾಟಿಯ ಬಸ್ಸಿನಲ್ಲಿ ಮೊದಲ ಸಲ ಕೂತವರಿಗೆ ತಿರುವುಗಳಿವೆ, ಹೊಟ್ಟೆ ತೊಳಸಬಹುದು, ಒಂದು ನಿಂಬೆಹಣ್ಣು ಇಟ್ಟುಕೊಳ್ಳಿ ಎನ್ನುವುದಿಲ್ಲವೇ? ಅದನ್ನು ಕೇಳಿ ಯಾರೂ ಪ್ರಯಾಣ ಬಿಡುವುದಿಲ್ಲ. ಹೊಟ್ಟೆ ತೊಳಸಿದಾಗ ತನಗೇನೋ ರೋಗ ಬಂತು ಎಂದು ಹೆದರುವುದೂ ಇಲ್ಲ.

‘ಮೆನೊ’ ಸಂವಾದದಲ್ಲಿ ಓದು ಬಾರದ ಒಬ್ಬ ಸೇವಕ ಹುಡುಗನಿಗೆ ಸಾಕ್ರಟೀಸ್ ರೇಖಾಗಣಿತದ ಒಂದು ಲೆಕ್ಕ ಕೊಡುತ್ತಾನೆ: ಈ ಚೌಕದ ಎರಡರಷ್ಟು ಕ್ಷೇತ್ರಫಲದ ಚೌಕ ಬರೆಯಬೇಕು. ಹುಡುಗ ಧೈರ್ಯವಾಗಿ ಒಂದು ತಪ್ಪು ಉತ್ತರ ಹೇಳುತ್ತಾನೆ, ಆಮೇಲೆ ಇನ್ನೊಂದು, ಕೊನೆಗೆ ಗೊತ್ತಿಲ್ಲ ಎಂದು ಕೈಚೆಲ್ಲುತ್ತಾನೆ. ಆಗ ಸಾಕ್ರಟೀಸ್ ಮೆನೊ ಕಡೆ ತಿರುಗಿ, ಈ ಮರಗಟ್ಟಿದ ಸ್ಥಿತಿಯಿಂದ ಹುಡುಗನಿಗೆ ಕೆಡುಕೇನಾದರೂ ಆಯಿತೇ ಎಂದು ಕೇಳುತ್ತಾನೆ. ಆಗಿಲ್ಲ. ಈಗ ಅವನಿಗೆ ಹುಡುಕಬೇಕು ಎನಿಸುತ್ತದೆ. ಆದರೆ ಒಂದು ವಿಷಯ ಗಮನಿಸಿ: ಹುಡುಗ ಸಿಕ್ಕಿಕೊಂಡಾಗ ಸಾಕ್ರಟೀಸ್ ಎದುರಿಗೇ ಇದ್ದ. ಸಿಕ್ಕಿಕೊಳ್ಳುವುದು ಕಲಿಕೆಯ ಭಾಗ ಎಂದು ಹೇಳಲು ಒಬ್ಬರಿದ್ದರು. ಫೋನ್ ಹಿಡಿದು ಒಬ್ಬರೇ ಕೂತವರಿಗೆ ಆ ಮಾತನ್ನು ಮೊದಲೇ ಹೇಳಿಡಬಲ್ಲದ್ದು ವಿವರಣೆ ಮಾತ್ರ.

ವಿವರಣೆಗೆ ಸಿಗದ ಒಂದು ಭಾಗವೂ ಇದೆ. ಕಲಿಕೆ ಬೇಕಾದ್ದನ್ನು ಕೊಡುತ್ತದೆ, ಜೊತೆಗೆ ಏನು ಬೇಕು ಎಂಬುದನ್ನೇ ಬದಲಿಸುತ್ತದೆ. ನಾನು ಹಳಗನ್ನಡಕ್ಕೆ ಬಂದದ್ದು ಯುಜಿಸಿ ನೆಟ್ ಪರೀಕ್ಷೆಯ ಅಂಕಕ್ಕಾಗಿ. ಉಳಿದದ್ದು ಬೇರೆ ಕಾರಣಕ್ಕೆ, ಆ ಕಾರಣ ಬಂದಾಗ ನನಗೆ ತಿಳಿದಿರಲಿಲ್ಲ, ಯಾರಾದರೂ ಹೇಳಿದ್ದರೂ ಹಿಡಿಯುತ್ತಿರಲಿಲ್ಲ. ಇದನ್ನು ಭರವಸೆಯಾಗಿ ಬರೆಯಲು ಬರುವುದಿಲ್ಲ. ಕೇಶಿರಾಜ ಅದನ್ನು ಮುಕ್ತಿ ಎಂದು ಕರೆದ. ನಾನು ಆ ಜಾಗವನ್ನು ಖಾಲಿ ಬಿಡುತ್ತೇನೆ.

ಉಳಿದದ್ದನ್ನು ಹೀಗೆ ಬರೆದಿದ್ದೇನೆ:

‘ಕನ್ನಡ ಓದಲು ಬಂದರೆ ಸಾಕು, ಸಂಸ್ಕೃತ ಬೇಡ, ಪದವಿ ಬೇಡ. ವಾರಕ್ಕೆ ಐದು ಗಂಟೆ ಬೇಕು. ಮೊದಲ ಎರಡು ವಾರ ಹಗುರ: ಪಾಲು ಹಾಲಾದದ್ದು, ಪೂ ಹೂವಾದದ್ದು ನಿಮಗೆ ಅರ್ಧ ಗೊತ್ತೇ ಇದೆ. ಐದನೇ ವಾರ ಕಷ್ಟ. ಸಂಧಿ ಬಿಡಿಸದೆ ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ, ನಾಲ್ಕು ಸಾಲಿಗೆ ಒಂದು ಸಂಜೆ ಹಿಡಿಯಬಹುದು. ಇದು ಎಲ್ಲರಿಗೂ ಆಗುತ್ತದೆ. ಆ ವಾರ ಹೊಸ ಪಾಠವಿಲ್ಲ. ಎರಡು ದಿನ ನೇರ ತರಗತಿಯಲ್ಲಿ ಕೂತು ಒಟ್ಟಿಗೆ ಬಿಡಿಸುತ್ತೇವೆ. ಕೊನೆಗೆ ನೀವು ನಿಘಂಟು ಪಕ್ಕದಲ್ಲಿಟ್ಟುಕೊಂಡು ಪಂಪನ ಒಂದು ಪದ್ಯವನ್ನು ನಿಧಾನವಾಗಿ, ಬೇರೆಯವರ ಗದ್ಯಾನುವಾದ ನೋಡದೆ ಓದಬಲ್ಲಿರಿ. ಇಡೀ ಕಾವ್ಯವನ್ನು ಸರಾಗವಾಗಿ ಓದಲು ಇನ್ನೂ ಕೆಲವು ವರ್ಷ ಬೇಕು. ಆ ವರ್ಷಗಳನ್ನು ಈ ಕೋರ್ಸ್ ಕೊಡುವುದಿಲ್ಲ.’

ಐದನೇ ವಾರವನ್ನು ಹೊಸ ಪಾಠವಿಲ್ಲದೆ ಬಿಡಲು ಪಾಠ ಮಾಡುವವರನ್ನು ಒಪ್ಪಿಸಬೇಕಾಯಿತು. ವಿವರಣೆ ನಿಜವಾಗಿರಬೇಕಾದರೆ ಕೆಲವು ಸಲ ಕೋರ್ಸೇ ಬದಲಾಗಬೇಕಾಗುತ್ತದೆ. ಕೊನೆಯ ವಾಕ್ಯವನ್ನು ತೆಗೆಯಿರಿ, ಸೇರುವವರು ಕಡಿಮೆಯಾಗುತ್ತಾರೆ ಎಂಬ ಸಲಹೆ ಬಂದಿದೆ. ಕಡಿಮೆಯಾಗಬಹುದು. ಆ ವಾಕ್ಯ ಅಲ್ಲೇ ಇರಲಿ ಎಂದು ಉತ್ತರ ಬರೆದಿದ್ದೇನೆ. ಐದನೇ ವಾರದ ಒಂದು ರಾತ್ರಿ, ಎಲ್ಲೋ ಒಂದು ಊರಿನಲ್ಲಿ, ಮನೆಯವರೆಲ್ಲ ಮಲಗಿದ ಮೇಲೆ ಫೋನಿನ ಬೆಳಕಿನಲ್ಲಿ ಮೂರನೇ ಸಾಲಿಗೆ ಸಿಕ್ಕಿಕೊಂಡವರೊಬ್ಬರು ‘ಇದನ್ನು ಮೊದಲೇ ಹೇಳಿದ್ದರಲ್ಲ’ ಎಂದುಕೊಂಡು ಮತ್ತೆ ನಿಘಂಟು ತೆಗೆದರೆ, ಕೊಟ್ಟ ಮಾತು ಅಷ್ಟರಮಟ್ಟಿಗೆ ನಡೆದಂತೆ.